ಜಾತ್ರೆಯ ಪಂದ್ಯವೂ ಟ್ರ್ಯಾಕ್ಟರಿನ ಗಾಲಿಯೂ

ಯಾದಗಿರಿ ತಾಲೂಕಿನ ರಾಮಸಮುದ್ರದಿಂದ ಹಿಡಿದು ಶಹಾಪುರ, ಸುರಪುರದವರೆಗಿನ ಒಕ್ಕಲು ಮನೆತನಗಳಲ್ಲಿ ಒಂದು ಕಾಲಕ್ಕೆ ಎತ್ತಿನ ಜೋಡಿಗೆ ಸಲ್ಲುತ್ತಿದ್ದ ಅಭಿಮಾನವು ಇಂದು ಟ್ರ್ಯಾಕ್ಟರಿಗೆ ಸಲ್ಲುತ್ತಿದೆ. ಕಾರಹುಣ್ಣಿಮೆಯಂದು ಕೋಡಿಗೆ ಬಣ್ಣ ಬಳಿಯುವ ಉತ್ಸಾಹದಿಂದಲೇ ತರುಣರು ಟ್ರ್ಯಾಕ್ಟರಿಗೆ ಗೊಂಡೆ, ದೀಪ, ಧ್ವನಿವರ್ಧಕಗಳನ್ನು ಕಟ್ಟುತ್ತಾರೆ. ಇದಕ್ಕೆ ನಮ್ಮ ಆಕ್ಷೇಪವಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರ್ಯಾಲಿ ಸಮೇತ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಪಂದ್ಯವನ್ನು ನೋಡಿದವರು ಅದರಲ್ಲಿರುವ ಕೈಚಳಕವನ್ನು ಮೆಚ್ಚದೆ ಇರಲಾರರು. ಆದರೆ ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ಸರಪಳಿಯಿಂದ ಜಗ್ಗಿಸುವ ಪಂದ್ಯದ ಮಾತು ಬೇರೆ. ಅದರಲ್ಲಿ ಗೆಲ್ಲಬೇಕೆಂಬ ಹಟದಿಂದ ಯಂತ್ರಕ್ಕೆ ಮಾಡಿಸುವ ಮಾರ್ಪಾಡುಗಳನ್ನು ಕುರಿತು ಮನೆಯ ಹಿರಿಯರೂ ತಾಯಂದಿರೂ ತಿಳಿದಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಮೊದಲನೆಯ ಮಾರ್ಪಾಡು ಪಂಪು ಏರಿಸುವುದು. ಡೀಜಲ್ ಪಂಪಿನ ಮೊಹರನ್ನು ಒಡೆದು, ಇಂಜಿನ್ನಿಗೆ ನಿಗದಿಗಿಂತ ಹೆಚ್ಚು ಎಣ್ಣೆ ಹೋಗುವಂತೆ ಮಾಡುತ್ತಾರೆ. ಕೊಳವೆಯಿಂದ ಕಪ್ಪು ಹೊಗೆ ಏಳುವುದನ್ನು ನೋಡಿ ಬಲ ಬಂತೆಂದು ಹಿಗ್ಗುವವರುಂಟು. ಕಪ್ಪು ಹೊಗೆಯೆಂದರೆ ಪೂರ್ತಿ ಉರಿಯದೆ ಹೊರಬಿದ್ದ ಎಣ್ಣೆ. ಅಂದರೆ ಸುಟ್ಟುಹೋದ ದುಡ್ಡು. ಶಕ್ತಿ ತುಸು ಹೆಚ್ಚಬಹುದು, ಆದರೆ ಪಿಸ್ಟನ್, ಕ್ಲಚ್ಚು, ಗೇರುಪೆಟ್ಟಿಗೆಗಳು ಹಳೆಯ ಲೆಕ್ಕಕ್ಕೇ ತಯಾರಾದವು. ಬ್ರೇಕಂತೂ ಕಿಂಚಿತ್ತೂ ಹೆಚ್ಚುವುದಿಲ್ಲ. ಸಾಲದ ಕಂತು ತೀರುವ ಮುನ್ನವೇ ಇಂಜಿನ್ ಬಿಚ್ಚಿಸಬೇಕಾಗಿ ಬಂದರೆ ಆ ಭಾರ ಬೀಳುವುದು ಮನೆಯ ಮೇಲೆ.

ಜಗ್ಗುವ ಶಕ್ತಿ ಬಹುಮಟ್ಟಿಗೆ ಗಾಲಿ ನೆಲವನ್ನು ಹಿಡಿಯುವುದರಲ್ಲಿದೆ. ೧೯೩೨ರಲ್ಲಿ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿಯು ಟ್ರ್ಯಾಕ್ಟರಿಗೆ ಗಾಳಿ ತುಂಬಿದ ರಬ್ಬರು ಟೈರನ್ನು ತಂದಾಗ, ಕಬ್ಬಿಣದ ಹಲ್ಲಿನ ಗಾಲಿಗೆ ಒಗ್ಗಿದ್ದ ರೈತರು ನಂಬಲಿಲ್ಲ. ಅವರನ್ನು ಒಲಿಸಲು ಮರುವರ್ಷ ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಹೆಸರಾಂತ ಕಾರು ಪಂದ್ಯಗಾರನಿಂದ ಟ್ರ್ಯಾಕ್ಟರನ್ನು ಗಂಟೆಗೆ ೬೪ ಮೈಲಿಗೂ ಮೀರಿ ಓಡಿಸಿದರು! ಟ್ರ್ಯಾಕ್ಟರಿನ ಪಂದ್ಯದ ಹುಚ್ಚು ಇಂದು ನಿನ್ನೆಯದಲ್ಲ.

ನಮ್ಮ ಸೀಮೆಯಲ್ಲಿ ಟೈರನ್ನು ಆರಿಸುವಾಗ ಮಣ್ಣನ್ನು ನೋಡಬೇಕು. ಬಸವಸಾಗರದ ಕಾಲುವೆ ನೀರಿನಿಂದ ಶಹಾಪುರ, ಸುರಪುರ ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿವೆ. ಅಲ್ಲಿಗೆ ಎತ್ತರದ ಹಲ್ಲಿನ ಟೈರು ಅಥವಾ ಕಬ್ಬಿಣದ ಕೇಜ್‌ವ್ಹೀಲ್ ಬೇಕು. ಅದೇ ಎತ್ತರದ ಹಲ್ಲು ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಕೇಜ್‌ವ್ಹೀಲ್ ರಸ್ತೆಗೆ ಇಳಿದರೆ ಊರಿನ ರಸ್ತೆಯೇ ಹಾಳು. ಹತ್ತಿ, ತೊಗರಿಯ ಹೊಲಕ್ಕೂ ಟ್ರ್ಯಾಲಿ ಬಾಡಿಗೆಗೂ ಸಾಧಾರಣ ಹಲ್ಲಿನ ಟೈರೇ ಲೇಸು. ಹಸಿ ಎರೆಮಣ್ಣಿನಲ್ಲಿ ಅಗಲ ಟೈರು ಭಾರವನ್ನು ಹಂಚುವುದರಿಂದ ಗಾಲಿ ಹೂಳುವುದು ಕಡಿಮೆ. ಟೈರು ಹಾಕಿಸುವಾಗ ಅದರ ಮೇಲಿನ ಬಾಣದ ಗುರುತನ್ನು ಗಮನಿಸಿರಿ. ಎರಡು ಸಾಲಿನ ಹಲ್ಲುಗಳು ಕೂಡುವ ಮೊನೆಯು ಮೊದಲು ನೆಲ ಮುಟ್ಟಬೇಕು. ತಿರುವುಮುರುವಾದರೆ ಹಲ್ಲಿನ ಸಂದಿಯ ಕೆಸರು ಕಳಚುವುದಿಲ್ಲ.

ಗಾಲಿ ಎಷ್ಟು ಜಾರುತ್ತದೆಂಬುದನ್ನು ತಿಳಿಯಲು ಸುಣ್ಣದ ಗುರುತೊಂದೇ ಸಾಕು. ಹಿಂದಿನ ಗಾಲಿಗೆ ಗುರುತು ಹಾಕಿ, ನೇಗಿಲನ್ನು ಎತ್ತಿಕೊಂಡು ಹತ್ತು ಸುತ್ತು ನಡೆಸಿ ಅಳೆಯಿರಿ. ೪೦ ಮೀಟರು ಬಂತೆನ್ನಿ. ನೇಗಿಲನ್ನು ಇಳಿಸಿ ಉಳುತ್ತ ಮತ್ತೆ ಹತ್ತು ಸುತ್ತು ನಡೆಸಿದಾಗ ೩೪ ಮೀಟರು ಬಂದರೆ ಜಾರಿಕೆ ನೂರಕ್ಕೆ ೧೫, ಇದು ಸಹಜ. ೩೦ಕ್ಕಿಂತ ಕಡಿಮೆ ಬಂದರೆ ಕಾಲುಭಾಗಕ್ಕೂ ಮೀರಿ ಜಾರಿದಂತಾಯಿತು, ಟೈರೂ ಎಣ್ಣೆಯೂ ವ್ಯರ್ಥ. ಆಗ ಪಂಪಿನ ತಂಟೆಗೆ ಹೋಗದೆ ಹಿಂದಿನ ಟೈರುಗಳಿಗೆ ನೀರು ತುಂಬಿಸಿರಿ. ವಾಲ್ವು ಮೇಲಕ್ಕೆ ಬರುವಂತೆ ಗಾಲಿ ನಿಲ್ಲಿಸಿ ಮುಕ್ಕಾಲು ಭಾಗ ತುಂಬಿದರೆ ಒಂದೊಂದು ಗಾಲಿಗೆ ನೂರು ಕಿಲೋಗೂ ಮೇಲೆ ತೂಕ ಕೂಡುತ್ತದೆ. ಉಳಿದ ಕಾಲುಭಾಗದಲ್ಲಿ ಗಾಳಿ ಇರಬೇಕು.

ಪಂದ್ಯದ ಅಪಾಯ ಇಲ್ಲಿಯೇ ಅಡಗಿದೆ. ಗಾಲಿ ಜಾರುತ್ತಿದ್ದರೆ ಇಂಜಿನ್ನಿನ ಬಲವು ನೆಲ ಕೆರೆಯುವುದರಲ್ಲಿ ಕಳೆದುಹೋಗುತ್ತದೆ. ಹೊಸ ಟೈರು, ನೀರಿನ ತೂಕ, ಏರಿಸಿದ ಪಂಪು ಈ ಮೂರೂ ಕೂಡಿ, ಹಿಂದೆ ಸರಪಳಿ ಬಿಗಿದು, ಗಾಲಿ ಜಾರದೆ ನೆಲ ಕಚ್ಚಿದರೆ ಮೂತಿಯೇ ಮೇಲೇಳುತ್ತದೆ. ಸರಪಳಿಯನ್ನು ತಳದ ಕೊಂಡಿಯನ್ನು ಬಿಟ್ಟು ಎತ್ತರದಲ್ಲಿ ಬಿಗಿದಿದ್ದರಂತೂ ಒಂದೂವರೆ ಸೆಕೆಂಡಿನಲ್ಲಿ ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ ಸವಾರನ ಮೇಲೆಯೇ ಬೀಳಬಲ್ಲದು. ಕ್ಲಚ್ಚು ಒತ್ತುವಷ್ಟು ಹೊತ್ತೂ ಅದಲ್ಲ. ಕೆಸರಿನಲ್ಲಿ ಹೂತ ಗಾಲಿಗೆ ಅಡ್ಡಲಾಗಿ ಕಟ್ಟಿಗೆ ಕಟ್ಟಿ ಮುಂದಕ್ಕೆ ಎತ್ತಲು ಹೋದಾಗ ಆಗುವುದೂ ಇದೇ. ಹಿಮ್ಮುಖವಾಗಿ ಹೊರಬರುವುದೇ ಸರಿ. ಸ್ವೀಡನ್ ದೇಶವು ೧೯೫೯ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಸವಾರನನ್ನು ಕಾಯುವ ಗಟ್ಟಿ ಉಕ್ಕಿನ ಕಮಾನನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ನೆರಳಿಗಾಗಿ ಹಾಕಿಸುವ ತಗಡಿನ ಚಪ್ಪರಕ್ಕೆ ಆ ಬಲವಿಲ್ಲ. ೨೦೨೩ರ ಅಕ್ಟೋಬರಿನಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಗ್ರಾಮೀಣ ಕ್ರೀಡಾಕೂಟವೊಂದರಲ್ಲಿ ಟ್ರ್ಯಾಕ್ಟರಿನ ಕಸರತ್ತು ತೋರಿಸುತ್ತಿದ್ದ ತರುಣನೊಬ್ಬನು ಅದೇ ಟ್ರ್ಯಾಕ್ಟರಿಗೆ ಸಿಲುಕಿ ಮರಣಹೊಂದಿದನು. ಆ ಬಳಿಕ ಅಲ್ಲಿನ ಸರ್ಕಾರವು ಅಂಥ ಪ್ರದರ್ಶನಗಳನ್ನು ನಿಷೇಧಿಸಿತು. ಜಾತ್ರಾ ಸಮಿತಿಯ ಹಿರಿಯರು ಜಗ್ಗುವ ಪಂದ್ಯವನ್ನು ಕೈಬಿಟ್ಟು ಹಿಮ್ಮುಖ ಚಾಲನೆಗೇ ಬಹುಮಾನ ಇಟ್ಟರೆ ತರುಣರ ಉತ್ಸಾಹಕ್ಕೇನೂ ಕುಂದಾಗದು.

ಮೈಲಾಪುರ, ತಿಂಥಣಿಯ ಜಾತ್ರೆಗಳಿಗೆ ಮಕ್ಕಳುಮರಿಗಳೊಂದಿಗೆ ಟ್ರ್ಯಾಲಿಯಲ್ಲಿ ಹೊರಡುವ ಭಕ್ತರು ಇನ್ನೂ ಇದ್ದಾರೆ. ಟ್ರ್ಯಾಲಿ ಜನರಿಗಾಗಿ ಮಾಡಿದ್ದಲ್ಲ. ಅನೇಕ ಟ್ರ್ಯಾಲಿಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಬಸ್ಸಿಗೆ ಹೋಗುವುದೇ ಉತ್ತಮ. ಸರಕಿನೊಡನೆ ಟ್ರ್ಯಾಕ್ಟರು ರಸ್ತೆಗೆ ಇಳಿಯುವಾಗಲೂ ಎಡಬಲದ ಎರಡು ಬ್ರೇಕು ಪೆಡಲುಗಳನ್ನು ಜೋಡಿಸುವ ಕೊಂಡಿ ಹಾಕಿದೆಯೇ ಎಂದು ಮನೆಯವರು ಕೇಳಿ ಕಳಿಸಬೇಕು. ಹೊಲದಲ್ಲಿ ತಿರುಗಿಸಲು ಬಿಚ್ಚಿಟ್ಟ ಆ ಕೊಂಡಿಯನ್ನು ಮರೆತು ರಸ್ತೆಯ ಮೇಲೆ ವೇಗದಲ್ಲಿ ಒಂದೇ ಪೆಡಲನ್ನು ತುಳಿದರೆ ಟ್ರ್ಯಾಕ್ಟರು ಒಂದು ಮಗ್ಗುಲಿಗೆ ತಿರುಗಿ ಉರುಳುತ್ತದೆ.