ನಾಯಿಯ ಮೈಯ ಉಣ್ಣಿಯೂ ಮನೆಯ ಆರೈಕೆಯೂ

ಮಲೆನಾಡಿನಲ್ಲಿ ಉಣುಗು ಎಂದು ಕರೆಯುವ ಉಣ್ಣಿಗಳಲ್ಲಿ ನಾಯಿಗಳನ್ನು ಹೆಚ್ಚಾಗಿ ಕಾಡುವುದು ಕಂದು ಉಣ್ಣಿ. ರಕ್ತ ಕುಡಿದು ಉಬ್ಬಿದ ಹೆಣ್ಣು ನೆಲಕ್ಕುದುರಿ ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದರಿಂದ, ನಾಯಿಯ ಮೈಯನ್ನಷ್ಟೇ ತೊಳೆದು ಅದು ಮಲಗುವ ಗೋಣಿಚೀಲವನ್ನೂ ಮೂಲೆಗಳನ್ನೂ ಮರೆತರೆ ಆರೈಕೆ ಅರ್ಧಕ್ಕೇ ನಿಲ್ಲುತ್ತದೆ.

ಕಿವಿಯ ಒಳಮಡಿಕೆ, ಕಾಲ್ಬೆರಳುಗಳ ಸಂದು, ಕೊರಳಪಟ್ಟಿಯ ಅಡಿಯನ್ನು ದಿನವೂ ಬೆರಳಾಡಿಸಿ ನೋಡಿ, ಸಿಕ್ಕ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ, ಹಿಸುಕದೆ, ನೇರವಾಗಿ ಮೆಲ್ಲಗೆ ಎಳೆಯುವುದೇ ಮನೆಮದ್ದುಗಳಲ್ಲೆಲ್ಲ ಮೇಲಾದದ್ದು. ಬೇವಿನೆಲೆ ಕುದಿಸಿ ಆರಿಸಿದ ನೀರಿನ ಸ್ನಾನ ಒಳ್ಳೆಯದೇ ಆದರೂ ಕಚ್ಚಿ ಕುಳಿತ ಉಣ್ಣಿಯನ್ನು ಅದು ಕೊಲ್ಲುತ್ತದೆಂದು ನಂಬುವಂತಿಲ್ಲ. ಸೀಮೆಎಣ್ಣೆ ಸವರುವ ರೂಢಿಯಂತೂ ಚರ್ಮವನ್ನು ಸುಡುವುದಲ್ಲದೆ, ನಾಯಿ ನೆಕ್ಕಿದಾಗ ವಿಷವಾಗುತ್ತದೆ. ನೈಸರ್ಗಿಕ ಎಂಬ ಕಾರಣಕ್ಕೆ ಬೆಳ್ಳುಳ್ಳಿ, ಈರುಳ್ಳಿ ತಿನ್ನಿಸುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಅವುಗಳಲ್ಲಿನ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ.

ಉಣ್ಣಿ ಹರಡುವ ಎರ್ಲಿಕಿಯೋಸಿಸ್, ಅಂದರೆ ಬಿಳಿ ರಕ್ತಕಣಗಳೊಳಗೆ ಬೆಳೆಯುವ ಬ್ಯಾಕ್ಟೀರಿಯಾದ ಸೋಂಕು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳನ್ನು ಕುಗ್ಗಿಸುತ್ತದೆ. ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದು ಮನುಷ್ಯರ ಕೈಗೆ ಸದಾ ಬೆಚ್ಚಗೇ ತೋರುವುದರಿಂದ, ಮುಟ್ಟಿ ಜ್ವರ ಅಳೆಯುವ ಬದಲು ತುಟಿ ಮೇಲೆತ್ತಿ ವಸಡು ನೋಡಬೇಕು. ಗುಲಾಬಿ ವಸಡು ಬಿಳಿಚಿದ್ದರೆ, ಮೂಗಿನಿಂದ ರಕ್ತ ಒಸರಿದರೆ, ನಾಯಿ ಅನ್ನ ಮುಟ್ಟದಿದ್ದರೆ, ಕಷಾಯ ಕಾಯಿಸುತ್ತ ಕೂರದೆ ಅದೇ ದಿನ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ರಕ್ತಪರೀಕ್ಷೆಯಲ್ಲಿ ಈ ಸೋಂಕು ಖಚಿತವಾದರೆ ಡಾಕ್ಸಿಸೈಕ್ಲಿನ್ ಎಂಬ ಔಷಧವನ್ನು ಸಾಮಾನ್ಯವಾಗಿ 4 ವಾರ ಕೊಡಲಾಗುತ್ತದೆ.