ಟಾರ್ಗೆಟ್ಟೂ ಮುಟ್ಟಬೇಕು, ಮನೆಯನ್ನೂ ಮುಟ್ಟಬೇಕು

ಬಳ್ಳಾರಿಯಲ್ಲಿ ಮನೆ ಮಾಡಿಕೊಂಡು ಸಿರುಗುಪ್ಪ, ಕುರುಗೋಡು ಕಡೆಯ ಮಾರುಕಟ್ಟೆ ನೋಡಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಬೀಜ, ಗೊಬ್ಬರ, ಕೀಟನಾಶಕ ಕಂಪನಿಗಳ ಮಾರ್ಕೆಟಿಂಗ್ ಆಫೀಸರ್‌ಗಳು, ಮೆಡಿಕಲ್ ರೆಪ್‌ಗಳು, ಪಂಪ್‌ಸೆಟ್ಟು ಟ್ರ್ಯಾಕ್ಟರು ಮಾರುವವರು. ಬೆಳಿಗ್ಗೆ ಬೈಕ್ ಹತ್ತಿದರೆ ಇಳಿಯುವುದು ರಾತ್ರಿಗೆ. ಊಟಕ್ಕೆ ಕೂತಾಗಲೂ ಡೀಲರ್ ಫೋನು, ಮ್ಯಾನೇಜರ್ ಮೆಸೇಜು ತಪ್ಪುವುದಿಲ್ಲ.

ಸಮಯ ನಿರ್ವಹಣೆಯ ಪುಸ್ತಕಗಳು ಹೆಚ್ಚಾಗಿ ಆಫೀಸಿನ ಕುರ್ಚಿಯಲ್ಲಿ ಕೂತವರಿಗೆಂದು ಬರೆದವು. ನಿಮ್ಮ ವೇಳೆಯನ್ನು ಗೊತ್ತುಮಾಡುವುದು ಕಾಲುವೆಯ ನೀರು, ಬಿಸಿಲು ಮತ್ತು ಅಂಗಡಿಯ ಗಿರಾಕಿ. ಈ ಮೂರರ ಲೆಕ್ಕ ಹಿಡಿದು ಕೆಲಸ ಹೊಂದಿಸಿಕೊಂಡರೆ ಅಲೆದಾಟ ತಗ್ಗುತ್ತದೆ. ಮನೆಯ ಹೊತ್ತು ಮನೆಗೆ ಸಿಗುತ್ತದೆ.

ವರ್ಷದ ಲೆಕ್ಕ

ಸಿರುಗುಪ್ಪ ಭತ್ತದ ಸೀಮೆ. ಅಲ್ಲಿನ ಗದ್ದೆಗಳ ಬದುಕು ತುಂಗಭದ್ರಾ ಕಾಲುವೆಯದು. ನೀರು ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕು ಎಂಬುದನ್ನು ನೀರಾವರಿ ಸಲಹಾ ಸಮಿತಿ, ಅಂದರೆ ಎಲ್ಲರೂ ಹೇಳುವ ‘ಐಸಿಸಿ ಸಭೆ’, ತೀರ್ಮಾನಿಸುತ್ತದೆ. ಆ ತೀರ್ಮಾನ ಬಂದ ದಿನದಿಂದಲೇ ಡೀಲರ್‌ಗಳ ಮಾತು ಬದಲಾಗುತ್ತದೆ. ಆದ್ದರಿಂದ ವರ್ಷದ ಯೋಜನೆಯನ್ನು ಎರಡು ಹಾಳೆಯಲ್ಲಿ ಬರೆಯಿರಿ: ಎರಡು ಬೆಳೆಗೆ ನೀರು ಸಿಕ್ಕರೆ ಏನು, ಒಂದೇ ಬೆಳೆಗೆ ಸಿಕ್ಕರೆ ಏನು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ತುಂಬಿದ್ದ ನೀರು ನದಿಗೆ ಹರಿಯಿತು. ಅಚ್ಚುಕಟ್ಟಿನ ರೈತರೆಲ್ಲ ಕಂಗಾಲಾದರು. ಅಂಥ ಹೊತ್ತಿನಲ್ಲಿ ಎರಡನೇ ಹಾಳೆ ಕೈಯಲ್ಲಿದ್ದವರಿಗೆ ಕಂಪನಿಗೆ ಉತ್ತರ ಹೇಳುವುದು ಸುಲಭ.

ಭತ್ತದ ಜತೆಗೆ ಮೆಣಸಿನಕಾಯಿಯನ್ನೂ ನೋಡಿಕೊಳ್ಳುವವರು ಅದಕ್ಕೆ ಬೇರೆಯೇ ಪುಟ ಇಡಬೇಕು. ನಾಟಿಯಾದ ಮೇಲೆ ಎಲೆ ಮುದುರು, ಥ್ರಿಪ್ಸ್ ಶುರುವಾದರೆ ರೈತರ ಫೋನು ನಿಲ್ಲುವುದೇ ಇಲ್ಲ. ಆ ವಾರಗಳಲ್ಲಿ ವರದಿ, ಮೀಟಿಂಗ್ ಮೊದಲಾದವನ್ನು ಆದಷ್ಟು ಹಿಂದೆ ಮುಂದೆ ಮಾಡಿಕೊಂಡು ಹೊಲಕ್ಕೆ ಸಮಯ ಬಿಡಿಸಿಕೊಳ್ಳಿ.

ಕುರುಗೋಡಿನ ದೊಡ್ಡಬಸವೇಶ್ವರ ರಥೋತ್ಸವ, ಬಳ್ಳಾರಿಯ ಕನಕದುರ್ಗಮ್ಮನ ಸಿಡಿಬಂಡಿ, ಇವನ್ನೂ ಕ್ಯಾಲೆಂಡರಿನಲ್ಲಿ ಮೊದಲೇ ಗುರುತಿಸಿ. ತೇರಿನ ದಿನ ಬಾಕಿ ಕೇಳಲು ಹೋದರೆ ಪೆಟ್ರೋಲೂ ದಂಡ, ಸಂಬಂಧವೂ ಕಹಿ.

ದಿನದ ಲೆಕ್ಕ

ಏಪ್ರಿಲ್, ಮೇನಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬೈಕಿನಲ್ಲಿ ಊರೂರು ತಿರುಗಿದರೆ ಮರುದಿನದ ಶಕ್ತಿಯೂ ಅಂದೇ ಖರ್ಚಾಗುತ್ತದೆ. ಹೊಲದ ಭೇಟಿ, ಡೆಮೊ ಪ್ಲಾಟ್, ರೈತರ ಸಭೆಗಳನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿಕೊಳ್ಳಿ.

ಹತ್ತರಿಂದ ಒಂದರವರೆಗೆ ಹಳ್ಳಿಯ ಬಸ್ಸುಗಳು ಬಂದಿಳಿಯುವ ಹೊತ್ತು. ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಗಿರಾಕಿ ತುಂಬಿರುತ್ತಾರೆ. ಆಗ ಹೋದವರಿಗೆ ಸಿಗುವ ಮಾತು ಒಂದೇ: “ಸಾರ್, ಈಗ ಗಿರಾಕಿ ಅದಾರ, ಒಂದು ತಾಸು ಬಿಟ್ಟು ಬರ್ರಿ.” ಆ ತಾಸನ್ನು ಟೀ ಅಂಗಡಿಯಲ್ಲಿ ಕಳೆಯುವ ಬದಲು ಫೋನಿನಲ್ಲೇ ಮುಗಿಯುವ ಕೆಲಸಕ್ಕೆ ಇಡಿ: ಸ್ಟಾಕ್ ವಿಚಾರಣೆ, ಲಾರಿ ಎಲ್ಲಿದೆ ಎಂಬ ವಿಚಾರಣೆ, ಮ್ಯಾನೇಜರ್‌ಗೆ ಉತ್ತರ. ಮಧ್ಯಾಹ್ನ ಅಂಗಡಿ ತಣ್ಣಗಾದ ಮೇಲೆ ಡೀಲರ್ ಲೆಕ್ಕದ ಪುಸ್ತಕ ಹಿಡಿದು ಕೂರುತ್ತಾರೆ. ಕಲೆಕ್ಷನ್, ಹೊಸ ಸ್ಕೀಮಿನ ಮಾತಿಗೆ ಅದೇ ಸರಿಯಾದ ವೇಳೆ. ನೆರಳೂ ಸಿಗುತ್ತದೆ, ಸಮಾಧಾನದ ಮಾತೂ ಸಿಗುತ್ತದೆ.

ದಾರಿಯ ಲೆಕ್ಕ

ಹತ್ತು ಅಂಗಡಿಗಳಿದ್ದರೆ ಅವನ್ನು ಸುತ್ತುವ ಕ್ರಮಗಳು 36,28,800! ‘ಅಲೆಮಾರಿ ಮಾರಾಟಗಾರನ ಸಮಸ್ಯೆ’ ಎಂದು ಗಣಿತದಲ್ಲಿ ಹೆಸರಾದ ಪ್ರಶ್ನೆ ಇದು. 1954ರಲ್ಲಿ ಡಾನ್‌ಟ್ಸಿಗ್, ಫುಲ್ಕರ್‌ಸನ್, ಜಾನ್ಸನ್ ಎಂಬ ಮೂವರು ಅಮೆರಿಕದ 49 ನಗರಗಳನ್ನು ಸುತ್ತುವ ಅತಿ ಹತ್ತಿರದ ದಾರಿಯನ್ನು ಕಂಡುಹಿಡಿದು ಹೆಸರಾದರು. ನಮಗೆ ಅಷ್ಟು ಗಣಿತ ಬೇಡ. ಒಂದು ದಿಕ್ಕಿಗೆ ಒಂದು ದಿನ ಎಂಬ ನಿಯಮ ಸಾಕು.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೆದ್ದಾರಿಯಲ್ಲಿ ಸುಮಾರು 55 ಕಿ.ಮೀ. ದೂರ, ತೆಕ್ಕಲಕೋಟೆ ದಾರಿಯಲ್ಲೇ ಸಿಗುತ್ತದೆ. ಕುರುಗೋಡು ಆ ಹೆದ್ದಾರಿಯ ಮೇಲಿಲ್ಲ, ಪಕ್ಕಕ್ಕಿದೆ. ಒಬ್ಬ ಡೀಲರ್ ಕರೆದರೆಂದು ಬೆಳಿಗ್ಗೆ ಕುರುಗೋಡಿಗೆ ಹೋಗಿ ಮಧ್ಯಾಹ್ನ ಸಿರುಗುಪ್ಪಕ್ಕೆ ಓಡಿದರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ತೆಕ್ಕಲಕೋಟೆ ಮತ್ತು ಸಿರುಗುಪ್ಪ ಒಂದು ದಿನ. ಹಚ್ಚೊಳ್ಳಿ, ಕರೂರು ಕಡೆ ಇನ್ನೊಂದು ದಿನ. ಕುರುಗೋಡು ಮತ್ತೊಂದು ದಿನ. “ನಮ್ಮ ಊರಿಗೆ ಇವರು ಗುರುವಾರ ಬರುತ್ತಾರೆ” ಎಂಬುದು ಡೀಲರ್‌ಗೆ ರೂಢಿಯಾದರೆ ಆರ್ಡರನ್ನೂ ಚೆಕ್ಕನ್ನೂ ಗುರುವಾರಕ್ಕೆ ತೆಗೆದಿಡುತ್ತಾರೆ.

ಬೈಕ್ ಓಡಿಸುವಾಗ ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ಮಾತಾಡುವ ಅಭ್ಯಾಸವನ್ನು ಇಂದೇ ಬಿಡಿ. ಭತ್ತದ ಲಾರಿಗಳು ಓಡಾಡುವ ರಸ್ತೆಯಲ್ಲಿ ಒಂದು ಕರೆಗಾಗಿ ಜೀವ ಪಣಕ್ಕಿಡಬಾರದು.

ಬೈಕ್ ಸ್ಟಾರ್ಟ್ ಮಾಡುವ ಮೊದಲು

ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿಯುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಮದ್ದು ಸರಳ. ಅಂಗಡಿಯಿಂದ ಹೊರಬಂದು ಬೈಕ್ ಸ್ಟಾರ್ಟ್ ಮಾಡುವ ಮೊದಲು ಎರಡು ನಿಮಿಷ ನಿಂತು ಬರೆಯಿರಿ:

“ತೆಕ್ಕಲಕೋಟೆ. ಬಾಕಿ 42,000, ಸೋಮವಾರ ಚೆಕ್. ಜಿಂಕ್ 20 ಚೀಲ ಬೇಕು. ಹಳೇ ಸ್ಟಾಕ್ ವಾಪಸ್ ಮಾತು, ಆಫೀಸಿಗೆ ಕೇಳಬೇಕು.”

ಇಷ್ಟೇ ಸಾಕು. ಬರೆಯಲು ಬೇಸರವಾದರೆ ಫೋನಿಗೆ ಕನ್ನಡದಲ್ಲೇ ಹೇಳಿ, ಅದೇ ಬರೆದುಕೊಳ್ಳುತ್ತದೆ. ರಾತ್ರಿ ಡೇಲಿ ರಿಪೋರ್ಟ್ ತುಂಬುವಾಗ ನೆನಪು ಕೆದಕುತ್ತ ಕೂರುವುದು ತಪ್ಪುತ್ತದೆ, ಕೊಟ್ಟ ಮಾತೂ ಮರೆಯುವುದಿಲ್ಲ.

ಫೋನಿಗೂ ಒಂದು ವೇಳೆ

ಒಂದೇ ರೋಗದ ಬಗ್ಗೆ ಹತ್ತು ಮಂದಿ ರೈತರು ಕೇಳಿದರೆ ಹತ್ತು ಸಲ ಉತ್ತರಿಸಬೇಡಿ. ಒಂದು ವಾಯ್ಸ್ ಮೆಸೇಜ್ ಮಾಡಿ ಎಲ್ಲರಿಗೂ ಕಳಿಸಿ. ನಿಮಗೆ ಖಚಿತವಿಲ್ಲದ ರೋಗಕ್ಕೆ ಔಷಧ ಹೇಳುವ ಬದಲು ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಕ್ಕೋ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಳಿಸಿಕೊಡಿ. ರೈತರಿಗೂ ಅದೇ ಒಳ್ಳೆಯದು, ನಿಮ್ಮ ಮೇಲಿನ ನಂಬಿಕೆಯೂ ಬೆಳೆಯುತ್ತದೆ.

ಕೆಲಸದ ಹೊತ್ತು ಮುಗಿದ ಮೇಲೆ ಕರೆಯಿಂದ ಬಿಡುವು ಪಡೆಯುವ ಹಕ್ಕನ್ನು ಫ್ರಾನ್ಸ್ 2017ರಿಂದ ಕಾನೂನಿನಲ್ಲೇ ಸೇರಿಸಿದೆ. ನಮ್ಮಲ್ಲಿ ಅದನ್ನು ಮಾತಿನಿಂದ ಗಳಿಸಬೇಕು. “ರಾತ್ರಿ ಎಂಟೂವರೆ ಮೇಲೆ ಮೆಸೇಜ್ ಹಾಕಿರಿ, ಬೆಳಿಗ್ಗೆ ಏಳಕ್ಕೆ ಖಂಡಿತ ಉತ್ತರ ಕೊಡ್ತೀನಿ” ಎಂದು ಡೀಲರ್‌ಗಳಿಗೆ ಹೇಳಿ. ಹೇಳಿದಂತೆ ಏಳಕ್ಕೆ ಉತ್ತರ ಕೊಡಿ. ಬೆಳಗಿನ ಉತ್ತರ ತಪ್ಪದಿದ್ದರೆ ರಾತ್ರಿಯ ಕರೆ ತಾನಾಗಿ ಕಡಿಮೆಯಾಗುತ್ತದೆ.

ರಜೆ ಯಾರೂ ಕೊಡುವ ದಾನವಲ್ಲ

ಮೆಡಿಕಲ್ ರೆಪ್‌ಗಳಂಥ ಮಾರಾಟ ಪ್ರಚಾರ ನೌಕರರಿಗಾಗಿ ಸಂಸತ್ತು 1976ರಲ್ಲೇ ಕಾಯ್ದೆ ಮಾಡಿತು. ಕೆಲಸ ಮಾಡಿದ ಅವಧಿಯ ಹನ್ನೊಂದನೇ ಒಂದು ಭಾಗದಷ್ಟು ಗಳಿಕೆ ರಜೆ ಪೂರ್ಣ ಸಂಬಳದೊಂದಿಗೆ ಸಿಗಬೇಕು ಎಂದಿತು. ನಿಮ್ಮ ನೇಮಕದ ಪತ್ರದಲ್ಲಿ ರಜೆಯ ಬಗ್ಗೆ ಏನಿದೆ, ಓದಿಕೊಳ್ಳಿ.

ಕೃಷಿ ಮಾರುಕಟ್ಟೆಯವರಿಗೆ ರಜೆಗೆ ಒಳ್ಳೆಯ ಕಾಲವೂ ಇದೆ. ಮಾರ್ಚ್ 31ರ ಲೆಕ್ಕ ಮುಗಿದಿರುತ್ತದೆ, ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲುತ್ತದೆ, ಮಕ್ಕಳಿಗೂ ಶಾಲೆ ಇರುವುದಿಲ್ಲ. ಮುಂಗಾರಿನ ಬೀಜದ ಸ್ಟಾಕಿನ ಗಡಿಬಿಡಿ ಶುರುವಾಗುವ ಮೊದಲಿನ ಆ ವಾರಗಳನ್ನು ಮನೆಯವರಿಗೆ ಕೊಡಿ.

ಈ ವಾರ ಮಾಡಿ ನೋಡಿ

1. ನಿಮ್ಮ ಅಂಗಡಿಗಳನ್ನು ದಿಕ್ಕಿನ ಪ್ರಕಾರ ವಿಂಗಡಿಸಿ, ಪ್ರತಿ ದಿಕ್ಕಿಗೆ ವಾರದ ಒಂದು ದಿನ ಗೊತ್ತುಮಾಡಿ.
2. ಪ್ರತಿ ಡೀಲರ್‌ಗೆ ಯಾವ ಹೊತ್ತು ಬಿಡುವು ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.
3. ರಾತ್ರಿ ಫೋನಿನ ವೇಳೆಯನ್ನು ಮನೆಯವರ ಎದುರೇ ತೀರ್ಮಾನಿಸಿ. ಪಾಲಿಸಲು ಅವರೇ ನೆನಪಿಸುತ್ತಾರೆ.
4. ಬರುವ ಬೇಸಿಗೆಯ ರಜೆಯ ದಿನಾಂಕಗಳನ್ನು ಈಗಲೇ ಮ್ಯಾನೇಜರ್‌ಗೆ ಬರೆದು ಕಳಿಸಿ. ಮೊದಲೇ ಕೇಳಿದ ರಜೆಗೆ ಇಲ್ಲವೆನ್ನುವುದು ಯಾರಿಗೂ ಕಷ್ಟ.