ಲೆಕ್ಕಕ್ಕೆ ಸಿಗದ ಜ್ವರಗಳು

"ನಮ್ಮ ಓಣಿಯಲ್ಲಿ ಯಾರಿಗೂ ಬಂದಿಲ್ಲ."

2020ರ ಮಳೆಗಾಲದಲ್ಲಿ ಹೆಬ್ರಿಯ ಎಷ್ಟು ಮನೆಗಳಲ್ಲಿ ಈ ಮಾತು ಕೇಳಿಲ್ಲ! ಸಹೋದರಿ, ನೀವೂ ಹೇಳಿರಬಹುದು. ನಾನೂ ಹೇಳಿದ್ದೆ. ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಮೂವರಿಗೆ ಜ್ವರ. ಅವರಲ್ಲಿ ಒಬ್ಬರಿಗೆ ನಾಲ್ಕು ದಿನ ಮೀನು ಸಾರಿನ ವಾಸನೆಯೇ ತಿಳಿಯಲಿಲ್ಲ. ಮಳೆಯ ಜ್ವರ ಎಂದು ಕಷಾಯ ಕುಡಿದು ಸುಮ್ಮನಾದೆವು. ಪರೀಕ್ಷೆಗೆ ಹೋದರೆ ಮನೆ ಸೀಲ್‌ಡೌನ್ ಆದೀತು, ಜನ ಏನೆಂದಾರು ಎಂಬ ಹೆದರಿಕೆ. ಹೀಗಾಗಿ ಸರಕಾರದ ಪಟ್ಟಿಯಲ್ಲಿ ನಮ್ಮ ಮನೆಯ ಲೆಕ್ಕ ಸೊನ್ನೆ!

ಪಟ್ಟಿಯಲ್ಲಿರುವುದು ರೋಗಿಗಳ ಸಂಖ್ಯೆಯಲ್ಲ, ಪರೀಕ್ಷೆಯಲ್ಲಿ ಸಿಕ್ಕವರ ಸಂಖ್ಯೆ. 2020ರ ಜೂನ್‌ನಲ್ಲಿ ನಮ್ಮ ಉಡುಪಿ ಜಿಲ್ಲೆ ರಾಜ್ಯದಲ್ಲೇ ಮೊದಲ ಸ್ಥಾನಕ್ಕೇರಿದ್ದು ನೆನಪಿದೆಯೇ? ಮುಂಬೈಯಿಂದ ಮರಳಿದವರನ್ನು ಕ್ವಾರಂಟೈನ್‌ನಲ್ಲಿಟ್ಟು ಪರೀಕ್ಷಿಸಿದ್ದರಿಂದ ಸಂಖ್ಯೆ ಏರಿತು. ಹುಡುಕಿದಲ್ಲಿ ಸಿಕ್ಕಿತು. ಹುಡುಕದ ಕಡೆ?

ಅನ್ನ ಬೆಂದಿದೆಯೇ ಎಂದು ನೋಡಲು ನೀವು ಇಡೀ ಪಾತ್ರೆಯನ್ನು ಹಿಚುಕುವುದಿಲ್ಲ, ಕೆಲವು ಅಗುಳು ಸಾಕು. ಆದರೆ ಮೇಲಿನ ಅಗುಳನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ; ಸೌಟು ತಿರುಗಿಸಿ ತಳದಿಂದಲೂ ತೆಗೆಯಬೇಕು. 2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರಕಾರ ಮಾಡಿದ್ದೂ ಇದನ್ನೇ. ಎಲ್ಲ ಜಿಲ್ಲೆಗಳಿಂದ ಸುಮಾರು 16 ಸಾವಿರ ಮಂದಿಯನ್ನು ಆರಿಸಿದರು. ಬಸ್ ಕಂಡಕ್ಟರ್‌ಗಳು, ತರಕಾರಿ ಮಾರುವವರು, ಪೌರಕಾರ್ಮಿಕರು, ವೃದ್ಧರು, ಜೊತೆಗೆ ತಪಾಸಣೆಗೆ ಬಂದ ಗರ್ಭಿಣಿಯರು. ಗರ್ಭಿಣಿಯರೇಕೆ? ಅವರು ಜ್ವರವಿದ್ದುದಕ್ಕೆ ಆಸ್ಪತ್ರೆಗೆ ಬರುವವರಲ್ಲ, ಹೇಗೂ ಬರಲೇಬೇಕಾದವರು. ಆದ್ದರಿಂದ ಅವರಲ್ಲಿ ಊರಿನ ನಿಜವಾದ ಸ್ಥಿತಿ ಕಾಣುತ್ತದೆ.

ಮೂಗು-ಗಂಟಲಿನ ದ್ರವದಲ್ಲಿ ಈಗಿನ ಸೋಂಕನ್ನೂ, ರಕ್ತದಲ್ಲಿನ ಪ್ರತಿಕಾಯಗಳಲ್ಲಿ ಹಿಂದೆ ಬಂದು ಹೋದುದನ್ನೂ ಹುಡುಕಿದರು. ಪರೀಕ್ಷೆಗಳೂ ತಪ್ಪುವುದುಂಟು, ಅದನ್ನೂ ಲೆಕ್ಕದಲ್ಲಿ ಸರಿಪಡಿಸಿದರು. ನವೆಂಬರ್‌ನಲ್ಲಿ ಫಲಿತಾಂಶ ಹೊರಬಂತು: ಶೇ. 27ರಷ್ಟು ಜನರಿಗೆ ಸೋಂಕು ತಗುಲಿತ್ತು. ಏಳು ಕೋಟಿ ಜನರ ರಾಜ್ಯದಲ್ಲಿ ಅಂದಾಜು 1.93 ಕೋಟಿ! ಆಗ ಪಟ್ಟಿಯಲ್ಲಿದ್ದುದು ಐದು ಲಕ್ಷಕ್ಕೂ ಕಡಿಮೆ. ಅಂದರೆ ಗೊತ್ತಾದ ಒಬ್ಬರಿಗೆ ಒಟ್ಟು ಸುಮಾರು 40 ಮಂದಿ ಸೋಂಕಿತರು. ಬೇರೆ ಸಮೀಕ್ಷೆಗಳ ಅಂಕಿ ಬೇರೆ ಬಂದಿರಬಹುದು, ಅಂದಾಜು ಅಂದಾಜೇ. ಆದರೆ ಪಟ್ಟಿಗಿಂತ ಹಲವು ಪಟ್ಟು ಹೆಚ್ಚು ಎಂಬುದರಲ್ಲಿ ಭೇದವಿಲ್ಲ.

"ಅಷ್ಟೊಂದು ಜನರಿಗೆ ಬಂದೂ ಗುಣವಾಯಿತಲ್ಲ, ಹಗುರದ ರೋಗ" ಎಂದು ಕೆಲವರು ನಕ್ಕರು. ಅದೇ ಲೆಕ್ಕದ ಇನ್ನೊಂದು ಮುಖವನ್ನು ಅವರು ನೋಡಲಿಲ್ಲ: ಇನ್ನೂ ಮುಕ್ಕಾಲು ಪಾಲಿನಷ್ಟು ಜನ ಉಳಿದಿದ್ದರು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ.

ಇದರಿಂದ ನಮಗೇನು ಪಾಠ? ಪಟ್ಟಿಯಲ್ಲಿ ಹೆಸರು ಬಂದ ಮನೆಯನ್ನು ಬೊಟ್ಟು ಮಾಡಿ ತೋರಿಸಿದೆವಲ್ಲ, ಆಗ ಹೆಸರಿಲ್ಲದ ಎಷ್ಟೋ ಸೋಂಕಿತರು ನಮ್ಮ ನಡುವೆಯೇ ಇದ್ದರು. ಬಹುಶಃ ನಾವೇ ಇದ್ದೆವು. ನಾವು ನಿಂದಿಸಿದಷ್ಟೂ ಜನ ಬಚ್ಚಿಟ್ಟರು, ಬಚ್ಚಿಟ್ಟಷ್ಟೂ ರೋಗ ಹರಡಿತು. ಪರೀಕ್ಷೆಗೆ ಹೋದ ನೆರೆಯವಳು ಊರಿಗೆ ಉಪಕಾರ ಮಾಡಿದವಳು.

ಮುಂದೆ ಇಂತಹ ಕಾಲ ಬಂದರೆ, ಊರಿನ ಸೊನ್ನೆಯನ್ನು ನಂಬಬೇಡಿ. ಮನೆಯಲ್ಲಿ ಯಾರಿಗಾದರೂ ಜ್ವರವಿದ್ದರೆ ಅವರನ್ನು ಅಜ್ಜಿಯ ಹಾಸಿಗೆಯಿಂದ ದೂರವಿಡಿ, ಕಿಟಕಿ ತೆರೆಯಿರಿ, ಪರೀಕ್ಷೆ ಸಿಕ್ಕರೆ ಮಾಡಿಸಿ. ಮತ್ತು ನೆರೆಮನೆಗೆ ಜ್ವರವೆಂದು ಕೇಳಿದರೆ ಬಾಗಿಲು ಮುಚ್ಚಿಕೊಳ್ಳುವ ಮೊದಲು ಅವರ ಹೊಸ್ತಿಲ ಬಳಿ ಒಂದು ಪಾತ್ರೆ ಗಂಜಿ ಇಟ್ಟು ಬನ್ನಿ.